ಟವೆಲ್ಲಿನ ಕೆಳಗಿನ ಕೈ

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕೊಟ್ಟೂರು,
೧೪ ನವೆಂಬರ್ ೧೯೮೭

ಸೌಭಾಗ್ಯವತಿ ಅನ್ನದಾನಮ್ಮನಿಗೆ, ನೀನಿಲ್ಲದೆ ಬೈಯಿಸಿಕೊಳ್ಳಲು ಯಾರೂ ಇಲ್ಲದ ನಿನ್ನ ಗಂಡನ ಆಶೀರ್ವಾದಗಳು.

ನಿನ್ನ ಮಂಡಿನೋವು ಗದಗಿನ ಹವಾಕ್ಕೆ ಹೇಗಿದೆ? ನಮ್ಮ ಬಾಣಂತಿ ಕೊಟ್ರಬಸಮ್ಮ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲ ಸೊಗಸು ಮಾಡುತ್ತಾಳೋ? ಕೂಸಿಗೆ ನನ್ನ ಮೂಗೇ ಬಂದಿದೆ ಎಂದು ಅಳಿಯಂದಿರು ಬರೆದಿದ್ದಾರೆ. ಪಾಪ, ಹೆಣ್ಣುಕೂಸು. ನಾನು ಆರಾಮ. ಭರಮಮ್ಮ ದಿನಾ ಬಂದು ರೊಟ್ಟಿ ಬಡಿದು, ನಿನ್ನ ಪರವಾಗಿ ನಾಲ್ಕು ಮಾತು ಅಂದು ಹೋಗುತ್ತಾಳೆ. ನೀನು ಹೇಳಿದಂತೆ ಬೆಲ್ಲ ಮುಟ್ಟಿಲ್ಲ. ಮುಟ್ಟಿದರೂ ಬಹಳ ಮುಟ್ಟಿಲ್ಲ.

ಇನ್ನು ಸುದ್ದಿ. ಕೂಸನ್ನು ಯಾರ ಕೈಗಾದರೂ ಕೊಟ್ಟು, ಕೂತುಕೊಂಡು ಓದು. ನಮ್ಮ ಕರಿಸಿದ್ದ ಬೆಂಗಳೂರು ಬಿಟ್ಟು ಬಂದಿದ್ದಾನೆ. ರಜೆಗಲ್ಲ, ಪೂರಾ ಬಿಟ್ಟು. ತಾನೇ ಕಟ್ಟಿದ ಕಂಪ್ಯೂಟರ್ ಕಂಪನಿಯನ್ನು ಗೆಳೆಯನಿಗೆ ಒಪ್ಪಿಸಿ, ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ಬಂದ. ಲಾರಿ ನೋಡಿ ನಾನು ಕಂಪ್ಯೂಟರೇ ಬಂತೆಂದು ಹತ್ತಿ ಮಂಡಿಯವರನ್ನೆಲ್ಲ ಕೂಗಿ ಕರೆದೆ. ತಾಡಪತ್ರಿ ಸರಿಸಿದರೆ ಒಳಗೆ ದೊಡ್ಡ ಕಬ್ಬಿಣದ ಚಕ್ರ, ಕಾಲಲ್ಲಿ ತುಳಿಯುವ ಪಟ್ಟಿ, ಸೀಸದ ಅಕ್ಷರ ತುಂಬಿದ ಗೂಡುಗಳು. ಹಳೇ ಅಚ್ಚಿನ ಮಶೀನು! ಪಕ್ಕದ ಅಂಗಡಿ ಬಂಗಾರಪ್ಪ ಸುತ್ತಲೂ ಒಂದು ಸಲ ತಿರುಗಿ ನೋಡಿ, "ಶಿವಯೋಗಣ್ಣಾ, ಕಂಪ್ಯೂಟರು ಅಂದ್ರ ಹಿಂಗಿರತೈತೇನು?" ಎಂದು ಕೇಳಿದ. ಊರಿಗೆಲ್ಲ ಮಗನ ಕಂಪನಿ ಎಂದು ಕೊಚ್ಚಿಕೊಂಡು ತಿರುಗಿದವನು ನಾನು. ಮುಖ ಎಲ್ಲಿ ಇಟ್ಟುಕೊಳ್ಳಲಿ?

"ಅಲ್ಲಿ ಏನ್ ಕಮ್ಮಿ ಆಗಿತ್ತಲೇ ನಿನಗ?" ಎಂದು ಒದರಿದೆ. ಅವನು ನಿನ್ನ ಮಗ, ದನಿ ಏರಿಸುವುದಿಲ್ಲ. "ಕಮ್ಮಿ ಏನೂ ಆಗಿಲ್ಲಪ್ಪಾ. ಗಿರಣಿಯವರ ಪಗಾರದ ಲೆಕ್ಕಕ್ಕ ಪ್ರೋಗ್ರಾಮು ಬರದು ಬರದು ಸಾಕಾತು. ನಾ ಬರದದ್ದನ್ನ ಮಶೀನು ಓದತೈತಿ. ಅದಕ್ಕ ನಗೂನೂ ಬರಂಗಿಲ್ಲ, ಅಳೂನೂ ಬರಂಗಿಲ್ಲ. ಮಂದಿ ಓದೂವಂಥಾದ್ದು ಮಾಡಬೇಕು ಅನಿಸೇತಿ" ಎಂದ. ನಮ್ಮ ಕಡೆಯವರು ಬರೆದದ್ದನ್ನು ನಮ್ಮಲ್ಲೇ ಅಚ್ಚು ಹಾಕುತ್ತಾನಂತೆ. ಧಾರವಾಡ ಬೆಂಗಳೂರಿನ ಪ್ರಕಾಶಕರ ಬಾಗಿಲು ಕಾಯುವುದಿಲ್ಲವಂತೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸಂತೆಗಳಲ್ಲಿ ಮೆಣಸಿನಕಾಯಿಯವರ ಪಕ್ಕ ಪುಸ್ತಕ ಹಾಸಿಕೊಂಡು ತಾನೇ ಮಾರುತ್ತಾನಂತೆ. ಕೇಳಿದೆಯಾ?

ಅದಕ್ಕೆ ಅವನಿಗೆ ನಮ್ಮ ಮುಂದಿನ ಮಳಿಗೆ ಬೇಕು. ಚಿಕ್ಕವನಿದ್ದಾಗ ಬಾಗಿಲಿಗೆ ಅವನ ಕಿರುಬೆರಳು ಸಿಕ್ಕು ಮುರಿದು, ನೀನು ನನ್ನ ಜೊತೆ ಮಾತು ಬಿಟ್ಟಿದ್ದೆಯಲ್ಲ, ಅದೇ ಮಳಿಗೆ. ಅಷ್ಟು ಭಾರದ ಮಶೀನು ತಡೆಯುವ ಕಲ್ಲುಹಾಸು ಇರುವುದು ಅಲ್ಲಿ ಮಾತ್ರ. ಅದು ಸಿಗದಿದ್ದರೆ ಹೊಸಪೇಟೆಗೆ ಹೋಗಿ ಅಲ್ಲೇ ಇರುತ್ತೇನೆ ಎಂದ. ಆದರೆ ಆ ಮಳಿಗೆಯನ್ನು ಗೊಬ್ಬರದ ಅಂಗಡಿಗೆಂದು ಸುಂಕಪ್ಪ ಕೇಳಿದ್ದ, ದರ ಮಾತಾಡುವುದೊಂದೇ ಬಾಕಿ ಇತ್ತು. "ನನ್ನ ಮಳಿಗ್ಯಾಗ ಗೊಬ್ಬರ ಬೀಳತೈತಿ, ನಿನ್ನ ಸೀಸ ಬೀಳಂಗಿಲ್ಲ. ಎಲ್ಲಿಗರ ಹೋಗು!" ಎಂದು ಮಂಡಿಯ ನಡುವೆ ನಿಂತು ಅಂದುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತು. ಆಡುವುದು ಬರುತ್ತದೆ, ಆಡಿದ್ದನ್ನು ಹಿಂದಕ್ಕೆ ತಗೊಳ್ಳುವುದು ಬರುವುದಿಲ್ಲ.

ಅವನು ಹಾಳೆಗಳ ಒಂದು ಕಟ್ಟು ತಂದು ನನ್ನ ಗಾದಿಯ ಮೇಲಿಟ್ಟು ಹೋದ. ತಂಬ್ರಹಳ್ಳಿ ಶಾಲೆಯ ಟೀಚರು ತಿಪ್ಪೇರುದ್ರಮ್ಮ ಬರೆದ ಕಾದಂಬರಿ, ಅವನು ಮೊದಲು ಅಚ್ಚು ಹಾಕಬೇಕೆಂದಿರುವುದು. ಹೊತ್ತು ಹೋಗದೆ ಒಂದು ಹಾಳೆ ತಿರುವಿದೆ. ಅದರಲ್ಲಿ ಒಬ್ಬ ಸೊಸೆ ನೀರಿಗೆಂದು ಹೋಗಿ, ಖಾಲಿ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು, ನರ್ಸ್ ಕೆಲಸ ಕಲಿಯಲು ಬಸ್ಸು ಹತ್ತುತ್ತಾಳೆ. ಅತ್ತೆ ದೂರದಿಂದ ನೋಡುತ್ತಾಳೆ. ನೋಡಿಯೂ ಕೂಗುವುದಿಲ್ಲ, ಹೋಗಿ ಆ ಕೊಡ ತುಂಬಿಕೊಂಡು ಮನೆಗೆ ಬರುತ್ತಾಳೆ. ಹತ್ತಿ ತಂದವರು ಎದುರಿಗೆ ನಿಂತು "ಸಾವ್ಕಾರ್ರೇ, ಸಾವ್ಕಾರ್ರೇ" ಎಂದು ಕರೆದರೂ ನನಗೆ ಕೇಳಲಿಲ್ಲ. ಕಣ್ಣು ಒರೆಸಿಕೊಂಡು, ಹತ್ತಿಯ ಧೂಳು ಎಂದೆ. ಉಳಿದ ಅಧ್ಯಾಯಗಳನ್ನು ಟೀಚರು ಇನ್ನೂ ತಿದ್ದುತ್ತಿದ್ದಾರಂತೆ. ಆ ಸೊಸೆ ಮುಂದೆ ಏನಾದಳು ಎಂದು ಮಗನನ್ನು ಕೇಳುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಸೋಮವಾರ ಸುಂಕಪ್ಪ ದರಕ್ಕೆ ಕೂತ. ನಮ್ಮ ಮಂಡಿಯ ರೀತಿ ಗೊತ್ತಲ್ಲ, ಇಬ್ಬರ ಕೈಮೇಲೆ ಟವೆಲ್ಲು ಮುಚ್ಚಿ, ಮುಖ ಬೇರೆ ಕಡೆ ತಿರುಗಿಸಿ, ಬೆರಳು ಹಿಡಿದೇ ದರ ಹೇಳಬೇಕು. ಕಡೆಗೆ ಅಂಗೈ ಪೂರಾ ಹಿಸುಕಿದರೆ ಮುಗಿಯಿತು, ಯಾರು ಬಂದು ಹೇಳಿದರೂ ಮುರಿಯುವಂತಿಲ್ಲ. ನಾನು ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿ ಕೂತಿದ್ದೆ. ನಡುವೆ ಸುಂಕಪ್ಪ ಕೈ ಹಿಂದಕ್ಕೆಳೆದು ನಶ್ಯ ಏರಿಸಿದ. ಅವನಿಗೆ ಒಂದು ಸೀನು ಬಂದರೆ ಅದರ ಬಳಗವೆಲ್ಲ ಹಿಂದೆ ಬರುತ್ತದೆ. ಅಷ್ಟರಲ್ಲಿ ಟವೆಲ್ಲಿನ ಕೆಳಗೆ ಮತ್ತೆ ಕೈ ಬಂತು. ಗಟ್ಟಿಯಾಗಿ ಹಿಸುಕಿದೆ. ಟವೆಲ್ಲು ತೆಗೆದರೆ, ಶಿವನೇ, ನನ್ನ ಕೈಯಲ್ಲಿದ್ದದ್ದು ಕರಿಸಿದ್ದನ ಕೈ! ಸುಂಕಪ್ಪ ಅತ್ತ ಇನ್ನೂ ಮೂಗು ಒರೆಸಿಕೊಳ್ಳುತ್ತಿದ್ದಾನೆ.

"ಮೋಸ! ಮೋಸ!" ಎಂದು ಎಗರಾಡಿದೆ. ಮಂಡಿಯವರು ಬಿದ್ದು ಬಿದ್ದು ನಕ್ಕರು. ಬಂಗಾರಪ್ಪ, "ಮೋಸನೋ ಗೀಸನೋ, ಕೈ ಹಿಸುಕಿದ್ದು ನಾವೆಲ್ಲಾ ನೋಡೇವಿ. ಮಂಡಿ ರೀತಿ ನೀವಾ ಮುರದ್ರ ಹೆಂಗ್ರಿ?" ಎಂದು ಬಾಯಿ ಮುಚ್ಚಿಸಿದ. ಸುಂಕಪ್ಪ ಒಳ್ಳೆಯವನು. "ನನ್ನ ಮೂಗು ಮಾಡಿದ ಕೆಲಸ, ಯಾರನ್ನ ಬೈಲಿ ಬಿಡ್ರಿ" ಎಂದ. ಅವನಿಗೆ ಹಿಂದಿನ ಗೋದಾಮು ಬಿಟ್ಟುಕೊಟ್ಟೆ, ಗೊಬ್ಬರಕ್ಕೆ ಅದೇ ಅನುಕೂಲವಂತೆ.

ಈಗ ಮುಂದಿನ ಮಳಿಗೆಯಲ್ಲಿ ಮಶೀನು ಕೂತಿದೆ. ಬೆಳಿಗ್ಗೆಯಿಂದ ಕಟಕ್ ಧಡ್, ಕಟಕ್ ಧಡ್. ಅವನ ಅಂಗಿಯ ಮಸಿ ಒಗೆದರೂ ಹೋಗುವುದಿಲ್ಲ ಎಂದು ಭರಮಮ್ಮ ಜಗಳ ತೆಗೆದಿದ್ದಾಳೆ. ನಾನೂ ಗಾದಿಯ ಮೇಲಿಂದ "ಸಪ್ಪಳ ಕಡಿಮಿ ಮಾಡಲೇ!" ಎಂದು ಆಗಾಗ ಒದರುತ್ತೇನೆ, ಸಿಟ್ಟು ಇಳಿದಿದೆ ಎಂದು ಮಂದಿ ತಿಳಿಯಬಾರದಲ್ಲ. ತಪ್ಪು ನೋಡಿ ಕೊಡಲು ಅಚ್ಚಾದ ಹಾಳೆಗಳನ್ನು ನನಗೇ ತಂದುಕೊಡುತ್ತಾನೆ. ಗೊಣಗುತ್ತ ಓದುತ್ತೇನೆ. ನೀನು ಬಂದ ಮೇಲೆ ಅವನನ್ನು ಬೈಯಬೇಡ, ಬೈಯುವುದಿದ್ದರೆ ನಾನಿದ್ದೇನೆ. ಬೇಗ ಬಾ, ಮನೆ ಬಿಕೋ ಅನ್ನುತ್ತದೆ.

ಕೊಟ್ರಬಸಮ್ಮನಿಗೂ ಅಳಿಯಂದಿರಿಗೂ ಆಶೀರ್ವಾದ ಹೇಳು. ಕೂಸಿನ ಮೂಗಿಗೆ ಅಜ್ಜನದೊಂದು ಮುತ್ತು ಕೊಡು, ಮೂಗು ನನ್ನದಾದದ್ದಕ್ಕೆ ಕ್ಷಮೆಯನ್ನೂ ಕೇಳು.

ಇಂತಿ ನಿನ್ನ,
ಶಿವಯೋಗಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇಷ್ಟನ್ನು ಓದಿ ಹರಿದುಹಾಕು. ಟವೆಲ್ಲಿನ ಕೆಳಗೆ ಬಂದ ಆ ಕೈಯ ಕಿರುಬೆರಳು ಸೊಟ್ಟಗಿತ್ತು. ಬಾಗಿಲಿಗೆ ಸಿಕ್ಕ ದಿನ, ಅವನು ಅತ್ತು ಅತ್ತು ನಿದ್ದೆ ಹೋಗುವವರೆಗೆ ನನ್ನ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದ ಬೆರಳು ಅದು. ನನಗೆ ಗುರುತು ಸಿಗದೆ ಇರುತ್ತದೆಯೇ, ಅನ್ನದಾನೀ? ಗುರುತು ಸಿಕ್ಕ ಮೇಲೆಯೇ ಹಿಸುಕಿದೆ. ಅವನಿಗೆ ಮಾತ್ರ ಹೇಳಬೇಡ. ಅಪ್ಪನಿಗೆ ಮೋಸ ಮಾಡಿದೆನೆಂದು ಹೆದರಿ ದಿನಾ ತಾನೇ ಚಹಾ ಮಾಡಿ ತಂದುಕೊಡುತ್ತಾನೆ, ಬೆಲ್ಲ ಹಾಕಿ.