ಕತ್ತರಿಸಿದ ಉಸಿರು

ಧರ್ಮಪುರ, ನವೆಂಬರ್ ೨೦, ಗುರುವಾರ

ಆ ಉಸಿರನ್ನು ನಾನು ಕತ್ತರಿಸಬಾರದಿತ್ತು.

ಹೋದ ವಾರ ತಾತ ಕುರಿರೊಪ್ಪದ ಬಳಿ ಗಣೆ ಊದಿದಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಆ ಬಿದಿರು ಕೊಳಲಿನ ಎಂಟು ಎಣಿಕೆಯ ತುಂಡನ್ನು ಲ್ಯಾಪ್‌ಟಾಪಿನಲ್ಲಿ ಲೂಪ್ ಮಾಡಿ, ಕೆಳಗೆ ಬೀಟ್ ಕೂರಿಸಿದೆ. ನಡುವೆ ತಾತ ಉಸಿರೆಳೆದುಕೊಳ್ಳುವ ಸದ್ದು ಅಡ್ಡ ಬರುತ್ತಿತ್ತು, ತೆಗೆದುಹಾಕಿದೆ. ಮೊಬೈಲ್ ತುಂಬಿತ್ತೆಂದು ಮೂಲ ರೆಕಾರ್ಡಿಂಗನ್ನೂ ಅಳಿಸಿದೆ.

ಇವತ್ತು ಸಂಜೆ ತಾತನಿಗೆ ಕೇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತರು. ಮಂಡಿಯ ಮೇಲೆ ಬೆರಳುಗಳು ಗಣೆಯ ತೂತು ಹುಡುಕತೊಡಗಿದವು. ಆಮೇಲೆ ಎದೆ ಹಿಡಿದುಕೊಂಡರು.

"ಇದು ನಂದೇ ಗಣೆ. ನಾನು ಉಸಿರು ಎಲ್ಲಿ ತಗಂಡೆ ಮೌನಿ?"

"ಕಟ್ ಮಾಡಿದೀನಿ ತಾತ."

"ವಾಪಸ್ ಹಾಕವ್ವ. ಊದೋನಿಗೆ ಉಸಿರು ಬಿಟ್ಟುಕೊಡಬೇಕು."

ಹಾಕುತ್ತೇನೆ ಎಂದು ಸುಳ್ಳು ಹೇಳಿದೆ.

ಊಟ ಮಾಡದೆ ಮಲಗಿದ್ದಾರೆ. ಅವರ ಉಸಿರು ಗೋಡೆಯಾಚೆಯಿಂದ ಕೇಳುತ್ತಿದೆ. ಬಿಟ್ಟ ಮೇಲೆ ಮತ್ತೆ ಎಳೆದುಕೊಳ್ಳುವುದು ತಡವಾಗುತ್ತಿದೆ. ಮಲಗಿದಾಗ ನಾಲ್ಕು ಎಣಿಸುವಷ್ಟಿತ್ತು, ಈಗ ಏಳು. ಲ್ಯಾಪ್‌ಟಾಪ್ ಮುಚ್ಚಿದರೂ ತಲೆಯೊಳಗೆ ಲೂಪ್ ನಿಂತಿಲ್ಲ, ಅದರ ಲೆಕ್ಕದಲ್ಲೇ ಎಣಿಸುತ್ತಿದ್ದೇನೆ. ಎಂಟು ದಾಟಿದರೆ ಅಪ್ಪನನ್ನು ಎಬ್ಬಿಸಬೇಕು.

ಆರು. ಏಳು. ಎಂಟು. ಒಂಬ—