ಗವಿಸಿದ್ದಪ್ಪನ ಕನ್ನಡಿ

ಬಾಣಗುಂದಿ
ಉರಿ ತಿಂಗಳ ನಲವತ್ತೊಂದನೆಯ ದಿನ, 2203

ಹಡಪದ ಗವಿಸಿದ್ದಪ್ಪಣ್ಣನವರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆಯ ತಿಂಗಳು ಅಷ್ಟು ಉದ್ದವಾಗಿದೆ. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಇದು ಹಿಂಚೀಟಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಬರೆಯಲು ಅವಕಾಶ. ಸಾಮಾನ್ಯವಾಗಿ ಜನ ತೀರಿಹೋದ ಅವ್ವನಿಗೆ ಬರೆಯುತ್ತಾರೆ. ನಾನು ನನ್ನ ಒಂದೇ ಚೀಟಿಯನ್ನು ನಿಮಗೆ ಬರೆಯುತ್ತಿದ್ದೇನೆ, ಅದೂ ಪ್ರೀತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ.

ನೀವು ಸಲೂನು ನಡೆಸುತ್ತಿರುವ ಪೇಟೆಬೀದಿಯ ಕಲ್ಲು ಕಟ್ಟಡ ಇನ್ನೂ ನಿಂತಿದೆ. ನಿಮಗಿಂತ ಮೊದಲು ಅದು ಸೇಂದಿ ಅಂಗಡಿಯಾಗಿತ್ತು ಅನ್ನುವುದು ನಿಮಗೂ ಗೊತ್ತು. ಕುಡುಕರು ಕೂರುತ್ತಿದ್ದ ಕಲ್ಲುಬೆಂಚಿನ ಮೇಲೆಯೇ ನಿಮ್ಮ ಗಿರಾಕಿಗಳು ಪೇಪರ್ ಓದುತ್ತಾ ಸರದಿ ಕಾಯುತ್ತಾರೆ. ನಿಮ್ಮ ನಂತರ ಅಲ್ಲಿ ಹೊಲಿಗೆ ಶಾಲೆ ಬಂತು. ಈಗ ಅದು ತಂಪುಮನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ನಮಗೆ ಉರಿಹೊತ್ತು, ಆಗ ಯಾರೂ ಹೊರಗೆ ಕಾಲಿಡುವಂತಿಲ್ಲ. ಬೀದಿಯವರೆಲ್ಲ ನನ್ನಲ್ಲಿಗೆ ಬರುತ್ತಾರೆ. ಗೋಣಿತಟ್ಟು ನೆನೆಸಿ ಕಿಟಕಿಗೆ ಕಟ್ಟುವುದು, ಮಡಕೆಗಳಿಗೆ ನೀರು ತುಂಬುವುದು, ಹೊಲಿಗೆಯವರು ಬಿಟ್ಟುಹೋದ ಉದ್ದ ಮೇಜಿನ ಮೇಲೆ ಕೂಸುಗಳನ್ನು ಸಾಲಾಗಿ ಮಲಗಿಸುವುದು, ಜಗಳ ಬಿಡಿಸುವುದು, ಎಲ್ಲ ನನ್ನದೇ. ಮೂವತ್ತೊಂದು ವರ್ಷ ಮಾಡಿದ್ದೇನೆ. ಒಂದು ಜೀವವನ್ನೂ ಬಿಸಿಲಿಗೆ ಕೊಟ್ಟಿಲ್ಲ.

ಆದರೆ ಒಳಗೆ ಬಂದವರು ಮೊದಲು ನೋಡುವುದು ನನ್ನನ್ನಲ್ಲ, ಬಾಗಿಲ ಪಕ್ಕದ ಮೊಳೆಗೆ ನೀವು ತೂಗುಹಾಕಿದ ಆ ಸಣ್ಣ ಕನ್ನಡಿಯನ್ನು. ಕ್ಷೌರ ಮುಗಿಸಿ ಹೊರಡುವ ಗಿರಾಕಿ ಒಂದು ಗಳಿಗೆ ನಿಂತು ನೋಡಿಕೊಳ್ಳುತ್ತಾನಲ್ಲ, ಅದೇ. ಒಂದು ಮೂಲೆಯಲ್ಲಿ ಪಾದರಸ ಹೋಗಿದೆ. ಆದರೂ ಎಲ್ಲರಿಗೂ ಅದೇ ಬೇಕು. "ಗವಿಸಿದ್ದಪ್ಪನ ಕನ್ನಡ್ಯಾಗ ಎಂಥವ್ರ ಮಾರಿನೂ ಲಕ್ಷಣ ಕಾಣ್ತದ ನೋಡ" ಅಂತ ನನ್ನ ಗಂಡನೇ ದಿನಾ ಅನ್ನುತ್ತಾನೆ. ನನ್ನ ಮಾರಿಯ ಬಗ್ಗೆ ಆತ ಅಂಥ ಮಾತು ಆಡಿದ್ದು ನೆನಪಿಲ್ಲ.

ಮುಂದಿನ ವಾರ ಈ ಕಟ್ಟಡ ಬೀಜದ ಉಗ್ರಾಣವಾಗುತ್ತದೆ. ತಂಪುಮನೆ ನೆಲದಡಿಗೆ ಹೋಗುತ್ತದೆ, ನನ್ನ ಕೆಲಸ ಮುಗಿಯುತ್ತದೆ. ನಮ್ಮೂರಲ್ಲಿ ಒಂದು ರೂಢಿಯಿದೆ. ಈ ಕಟ್ಟಡ ಬಿಡುವವರು ಏನಾದರೂ ಒಂದನ್ನು ಬಿಟ್ಟುಹೋಗಬೇಕು, ಬಿಟ್ಟದ್ದನ್ನು ಮುಂದಿನವರು ಕದಲಿಸಬಾರದು. ನನ್ನದು ಯಾವುದೆಂದು ಗೊತ್ತುಮಾಡಲು ಸಭೆ ಕೂಡಿತು. "ಅಲ್ಲವಾ ಹುಲಿಗೆವ್ವ, ತಂಪನ್ನ ಯಾ ಮೊಳಿಗೆ ತೂಗ್ಹಾಕೂದು?" ಅಂದರು ಊರ ಹಿರಿಯರಾದ ಅಮರೇಗೌಡರು. ಎಲ್ಲರೂ ನಕ್ಕರು. ಗೋಣಿತಟ್ಟು ಕೊಳೆಯುತ್ತದೆ, ಮಡಕೆ ಒಡೆಯುತ್ತದೆ. ಕೊನೆಗೆ ಅವರ ಕಣ್ಣಿಗೆ ಬಿದ್ದದ್ದು ಒಂದು ಬೇವಿನ ಮಣೆ, ಅದೇ ನನ್ನದಾಗಿ ಇದ್ದಲ್ಲೇ ಉಳಿಯಲಿ ಅಂದರು. ನಾನು ಕುಳ್ಳಿ, ನಿಮ್ಮ ಕನ್ನಡಿ ನನಗೆ ಎಟುಕುವುದಿಲ್ಲ. ಅದಕ್ಕೇ ಅದರ ಕೆಳಗೆ ಆ ಮಣೆ ಹಾಕಿಕೊಂಡಿದ್ದೆ. ಹೌದು, ದಿನಾ ಬಾಗಿಲು ತೆರೆಯುವ ಮೊದಲು ನಾನೂ ನೋಡಿಕೊಳ್ಳುತ್ತಿದ್ದೆ. ಮೂವತ್ತೊಂದು ವರ್ಷಕ್ಕೆ ನನಗೆ ಸಿಕ್ಕಿದ್ದು ನಿಮ್ಮ ಕನ್ನಡಿಯ ಕಾಲಡಿಯ ಜಾಗ. ಉಳಿದವರೆಲ್ಲ ಎತ್ತರದವರು, ಅವರಿಗೆ ಮಣೆಯ ಹಂಗಿಲ್ಲ.

ಸಲೂನು ಬಿಡುವಾಗ ಆ ಕನ್ನಡಿಯನ್ನು ಮನೆಗೆ ಒಯ್ಯಿರಿ ಎಂದು ಮೊದಲು ಬರೆದಿದ್ದೆ. ಆಮೇಲೆ ಆ ಸಾಲು ಹೊಡೆದುಹಾಕಿದೆ. ನನ್ನ ಕೂದಲು ಒಂದೊಂದಾಗಿ ಬೆಳ್ಳಗಾದದ್ದನ್ನು ಅದೊಂದೇ ನೋಡಿದೆ.

ಆದ್ದರಿಂದ ಕೇಳುವುದು ಇಷ್ಟೇ. ನಾಳೆ ಅಂಗಡಿ ತೆರೆದ ಕೂಡಲೆ ಆ ಮೊಳೆ ಕಿತ್ತು ಒಂದು ಗೇಣು ಮೇಲೆ ಹೊಡೆಯಿರಿ. ಗಿರಾಕಿಗಳು ಹಿಮ್ಮಡಿ ಎತ್ತಿ ನೋಡಿಕೊಂಡಾರು, ಗೊಣಗಿಯಾರು, ಸಹಿಸಿಕೊಳ್ಳಿ. ಹೆಸರು ನಿಮ್ಮದೇ ಇರಲಿ. ಆದರೆ ಇನ್ನು ಮೇಲೆ ಈ ಊರಲ್ಲಿ ಗವಿಸಿದ್ದಪ್ಪನ ಕನ್ನಡಿಯಲ್ಲಿ ಮಾರಿ ನೋಡಿಕೊಳ್ಳಬೇಕು ಅನ್ನುವವರು, ಅಮರೇಗೌಡರೂ ಸೇರಿ, ನನ್ನ ಮಣೆ ಹತ್ತಲಿ.

ಇತಿ,
ತಂಪುಮನೆಯ ಹುಲಿಗೆಮ್ಮ