ನಿಂತ ಮೇಲೂ ತಿರುಗಬೇಕಿದ್ದ ಫ್ಯಾನು

ಹದಿನೇಳನೇ ತಾರೀಕು, ಮಂಗಳವಾರ
ವರ್ಕ್‌ಶಾಪಿನಿಂದ

ಪ್ರೀತಿಯ ಅಕ್ಕನಿಗೆ, ನಿನ್ನ ತಮ್ಮನ ನಮಸ್ಕಾರ.

ದಿನಾ ಆಸ್ಪತ್ರೆಯಲ್ಲಿ ಸಿಗುವವನು ಕಾಗದ ಯಾಕೆ ಬರೆದ ಎಂದುಕೊಳ್ಳಬೇಡ. ಎದುರಿಗೆ ನಿಂತರೆ ನಾಲಿಗೆ ಹೊರಳುವುದಿಲ್ಲ. ಮೂರು ವಾರದಿಂದ ಇದೇ ಗತಿ.

ನಿನ್ನೆ ನೀನು ಭಾವನಿಗೆ ಹಾಲು ಕುಡಿಸುತ್ತಾ ಮತ್ತೆ ಅದೇ ಮಾತು ಎತ್ತಿದೆ. "ಇಷ್ಟು ವರ್ಷ ಟ್ಯಾಕ್ಸಿ ಓಡಿಸಿದೋರಿಗೆ ಕಾದ ರೇಡಿಯೇಟರ್ ಮುಚ್ಚಳ ತೆಗೀಬಾರದು ಅಂತ ಗೊತ್ತಿರ್ಲಿಲ್ವಾ? ಸ್ವಲ್ಪ ತಡೆದಿದ್ರೆ ಕಣ್ಣು ಉಳೀತಿತ್ತು." ಭಾವ ಬ್ಯಾಂಡೇಜು ಸುತ್ತಿದ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದುಹೋದೆ.

ಅಕ್ಕಾ, ಅವರದು ತಪ್ಪಿಲ್ಲ. ತಪ್ಪು ನನ್ನದು.

ನಿನ್ನ ಮಗಳು ಹೆರಿಗೆಗೆ ಬಂದಾಗ ಕೂಸನ್ನು ಮುಂದಿನ ಕೋಣೆಯಲ್ಲಿ ಮಲಗಿಸುತ್ತಿದ್ದಳಲ್ಲ. ಭಾವ ಗಾಡಿ ತಂದು ಕಿಟಕಿಯ ಪಕ್ಕ ನಿಲ್ಲಿಸಿ, ಎಂಜಿನ್ ಆಫ್ ಮಾಡಿದ ಮೇಲೂ ಅದರ ನೀರು ತಣಿಸುವ ರೇಡಿಯೇಟರ್ ಫ್ಯಾನು ಐದಾರು ನಿಮಿಷ ಭರ್ರೆಂದು ತಿರುಗುತ್ತಿತ್ತು. ಕೂಸು ಬೆಚ್ಚಿ ಅಳುತ್ತಿತ್ತು. ಇದಕ್ಕೆ ರೆಕ್ಕೆಯೊಂದು ಕಟ್ಟಿದರೆ ವಿಮಾನವೇ ಎಂದು ಭಾವ ನಗುತ್ತಿದ್ದರು. ಏನಾದರೂ ಮಾಡಿ ಆ ಸದ್ದು ಅಡಗಿಸು ಎಂದು ನೀನು ನನಗೆ ಹೇಳಿದೆ.

ಗಾಡಿ ಸರ್ವಿಸಿಗೆ ಬಂದ ದಿನ ನನ್ನ ಲ್ಯಾಪ್‌ಟಾಪನ್ನು ಎಂಜಿನ್ನಿನ ಕಂಪ್ಯೂಟರಿಗೆ ಸಿಕ್ಕಿಸಿದೆ. ನೀರಿನ ಬಿಸಿ ತೊಂಬತ್ತಾರು ಡಿಗ್ರಿ ಮುಟ್ಟಿದಾಗ ಶುರುವಾಗಬೇಕಿದ್ದ ಫ್ಯಾನನ್ನು ನೂರಾನಾಲ್ಕಕ್ಕೆ ಶುರುವಾಗುವಂತೆ ಮಾಡಿದೆ. ವೇಗವನ್ನು ಅರ್ಧಕ್ಕೆ ಇಳಿಸಿದೆ. ಎಂಜಿನ್ ನಿಂತ ಮೇಲೆ ತಿರುಗುವುದನ್ನಂತೂ ತೆಗೆದೇಬಿಟ್ಟೆ. ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದೆ, ಮೀಟರಿನ ಮುಳ್ಳು ಮಧ್ಯದಿಂದ ಅಲುಗಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಬೀಗಿದೆ. ಸದ್ದು ಕಡಿಮೆ ಮಾಡಿದ್ದೇನೆ ಎಂದಷ್ಟೇ ಹೇಳಿ ಭಾವನ ಕೈಗೆ ಕೀ ಕೊಟ್ಟೆ. ಏನು ಬದಲಾಯಿಸಿದೆ ಎಂದು ಬಾಯಿ ಬಿಡಲಿಲ್ಲ.

ಕಣ್ಣು ಹೋದ ಆ ದಿನ ಭಾವ ನಾಲ್ವರನ್ನು ಕೂರಿಸಿಕೊಂಡು, ಎ.ಸಿ. ಹಾಕಿಕೊಂಡು ಏರು ಹತ್ತುವಾಗ ಎಂಜಿನ್ ಕಾದು ಹೋಯಿತು. ಗಾಡಿಯಲ್ಲಿದ್ದ ಮೇಷ್ಟ್ರೊಬ್ಬರು ನಡೆದದ್ದನ್ನೆಲ್ಲ ನನಗೆ ಹೇಳಿದ್ದಾರೆ. ಭಾವ ಅವಸರ ಮಾಡಲಿಲ್ಲವಂತೆ. ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿ, ಬಾನೆಟ್ ಎತ್ತಿ ಕಿವಿಗೊಟ್ಟು ನಿಂತರಂತೆ. ಫ್ಯಾನು ನಿಂತಿತೆಂದರೆ ನೀರು ತಣಿದಿದೆ, ಅದು ಅವರು ನಂಬಿದ್ದ ಗುರುತು. ಅಂದು ಫ್ಯಾನು ಸದ್ದೇ ಮಾಡಲಿಲ್ಲ. "ತಣ್ಣಗಾಗಿದೆ, ನೀರು ಹಾಕೋಣ," ಎಂದು ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದರು. ಕುದಿಯುವ ನೀರು ಮುಖಕ್ಕೇ ಚಿಮ್ಮಿತು.

ಇನ್ನೂ ಒಂದಿದೆ. ಗಾಡಿಯನ್ನು ನಮ್ಮ ವರ್ಕ್‌ಶಾಪಿಗೇ ಎಳೆದು ತಂದರು. ಭಾವ ಆಸ್ಪತ್ರೆಯಲ್ಲಿದ್ದಾರೆ ಎಂದು ಗೊತ್ತಾದ ಮೇಲೂ ನಾನು ಮೊದಲು ಮಾಡಿದ್ದು ಕಂಪ್ಯೂಟರನ್ನು ಹಿಂದಿನಂತೆ ಮಾಡಿಟ್ಟದ್ದು. ನಿನ್ನ ಹತ್ತಿರ ಓಡಿ ಬಂದದ್ದು ಅದಾದ ಮೇಲೆ. ಮಾಲೀಕರು ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಇತ್ತು.

ಇವತ್ತು ಬೆಳಗ್ಗೆ ಅವರ ಮುಂದೆ ಒಪ್ಪಿಕೊಂಡೆ. ನಾಳೆಯಿಂದ ಬರಬೇಡ ಎಂದರು. ಸಾಮಾನು ಕಟ್ಟಿಟ್ಟು, ಅದೇ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಸದ್ದು ಅಡಗಿಸು ಎಂದು ಮಾತ್ರ. ಹೇಗೆ ಎನ್ನುವುದು ನನ್ನ ವಿದ್ಯೆ, ನನ್ನ ಹೊಣೆ. ಅದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಭಾವನನ್ನು ಇನ್ನು ಬೈಯಬೇಡ. ನಾಳೆ ವಾರ್ಡಿನ ಹೊರಗೆ ಇರುತ್ತೇನೆ. ಕರೆದರೆ ಒಳಗೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ.

ಇಂತಿ,
ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದುಕೊಂಡಿದ್ದೆ. ಭಾವನಿಗೆ ಎಲ್ಲ ಗೊತ್ತು. ಐದನೇ ದಿನ, ನೀನು ಔಷಧಿ ತರಲು ಹೋಗಿದ್ದಾಗ, ನನ್ನ ಕೈ ತಡಕಿ ಹಿಡಿದು, "ಫ್ಯಾನು ತಿರುಗದ ಹಾಗೆ ಮಾಡಿದ್ದೆ, ಅಲ್ವೇನೋ?" ಎಂದು ಕೇಳಿದರು. ಹೂಂ ಎಂದೆ. ಹಿಡಿದ ಕೈ ಬಿಡದೆ ಹೇಳಿದರು: "ನಿಮ್ಮಕ್ಕನಿಗೆ ಹೇಳ್ಬೇಡ. ತಾನೇ ಹೇಳಿ ಮಾಡಿಸ್ದೆ ಅಂತ ಸಾಯೋತನಕ ಕೊರಗ್ತಾಳೆ. ನನ್ನನ್ನೇ ಬೈಕೊಂಡಿರ್ಲಿ ಬಿಡು."